ರೆಡ್ ಅಲರ್ಟ್ ದಿನ ಆಫೀಸಿನಿಂದ ಮನೆ ಮುಟ್ಟುವುದು ಹೇಗೆ?

ಮಳೆಗೆ ರೆಡ್ ಅಲರ್ಟ್ ಬಂದರೆ ಮಕ್ಕಳಿಗೆ ರಜೆ. ಬ್ಯಾಂಕು, ಅಂಗಡಿ, ಆಸ್ಪತ್ರೆ, ಐಟಿ ಕಂಪನಿಗಳಲ್ಲಿ ದುಡಿಯುವವರಿಗೆ ಆ ಭಾಗ್ಯ ಇಲ್ಲ. ಬೆಳಗ್ಗೆ ಹೇಗೋ ಹೋಗಿ ಮುಟ್ಟುತ್ತೇವೆ, ಕಷ್ಟ ಇರುವುದು ಸಂಜೆ ವಾಪಸ್ ಬರುವುದರಲ್ಲಿ. 2018ರ ಮೇ 29ರ ನೆರೆಯ ದಿನ ಮಂಗಳೂರಿನಲ್ಲಿ ಇದ್ದವರಿಗೆ, 2020ರ ಸೆಪ್ಟೆಂಬರ್‌ನ ನೆರೆಯಲ್ಲಿ ಉಡುಪಿಯ ಕಲ್ಸಂಕ, ಬನ್ನಂಜೆ ಕಡೆ ಇದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೊದಲ ಕೆಲಸ: ಹೊರಡುವ ಹೊತ್ತು ನಿರ್ಧರಿಸಿ

ನನ್ನ ಪ್ರಕಾರ ಅರ್ಧ ಕೆಲಸ ಆಫೀಸಿನಿಂದ ಕೆಳಗೆ ಇಳಿಯುವ ಮೊದಲೇ ಮುಗಿಯಬೇಕು. ರಸ್ತೆಗೆ ಬಂದ ಮೇಲೆ ಯೋಚನೆ ಮಾಡಿದರೆ ಆಗುವುದಿಲ್ಲ. ಹಿಂದೆ ಹಾರ್ನ್ ಹೊಡೆಯುವವರು, ಮುಂದೆ ನೀರು, ನೀವು ನಡುವೆ.

24 ಗಂಟೆಯಲ್ಲಿ 115.6ರಿಂದ 204.4 ಮಿ.ಮೀ. ಅಂದರೆ ಅತಿ ಭಾರಿ ಮಳೆ, ಅದಕ್ಕಿಂತ ಮೇಲೆ ಹೋದರೆ ವಿಪರೀತ ಮಳೆ ಎಂದು ಹವಾಮಾನ ಇಲಾಖೆಯ ಲೆಕ್ಕ. ರೆಡ್ ಅಲರ್ಟ್ ಸಾಮಾನ್ಯವಾಗಿ ಈ ಎರಡನೆಯದಕ್ಕೆ. ಆದರೆ ನಮ್ಮ ಮಂಗಳೂರಿನಲ್ಲಿ ಮಳೆ ಎಷ್ಟು ಎನ್ನುವುದರ ಜೊತೆಗೆ ಕಡಲು ಹೇಗಿದೆ ಅಂತಲೂ ನೋಡಬೇಕು. ನೇತ್ರಾವತಿ, ಫಲ್ಗುಣಿ ಹೊಳೆಗಳೆರಡೂ ಊರಿನ ಪಕ್ಕದಲ್ಲೇ ಕಡಲು ಸೇರುತ್ತವೆ. ಉಬ್ಬರದ ಹೊತ್ತಿಗೆ ಹೊಳೆಯ ನೀರೇ ಮೇಲೆ ಬಂದಿರುತ್ತದೆ, ಹಾಗಿರುವಾಗ ರಾಜಕಾಲುವೆಯ ನೀರು ಎಲ್ಲಿಗೆ ಹೋಗಬೇಕು? ತಗ್ಗು ಜಾಗದಲ್ಲೇ ನಿಲ್ಲುತ್ತದೆ. ಉಬ್ಬರಕ್ಕೂ ಇಳಿತಕ್ಕೂ ಸುಮಾರು ಆರು ಗಂಟೆಯ ಅಂತರ, ಈ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸು ಏರುವುದೂ ಜಾಸ್ತಿ. ಉಬ್ಬರದ ಸಮಯ ಮೊಬೈಲಿನಲ್ಲೇ ಸಿಗುತ್ತದೆ. ಸಂಜೆ ಆರಕ್ಕೆ ಉಬ್ಬರ ಅಂತಿದ್ದರೆ ಒಂದೋ ಮೂರು ಗಂಟೆಗೇ ಬಾಸ್ ಹತ್ತಿರ ಹೇಳಿ ಹೊರಡಿ, ಇಲ್ಲಾಂದ್ರೆ ಕ್ಯಾಂಟೀನಿನಲ್ಲಿ ಚಾ ಕುಡಿದು ಎಂಟೂವರೆ, ಒಂಬತ್ತರವರೆಗೆ ಕೂತುಬಿಡಿ. ಎಲ್ಲರ ಜೊತೆ ಆರಕ್ಕೇ ಇಳಿಯುವುದು ಮಾತ್ರ ಬೇಡ. ಮಳೆ ಬಿಡದಿದ್ದರೆ ಪೇಟೆಯಲ್ಲೇ ಇರುವ ನೆಂಟರ ಮನೆಗೆ ಹೋಗಿ ಮಲಗಿ, ಅದರಲ್ಲಿ ನಾಚಿಕೆ ಏನಿದೆ?

ಕೆಳಗೆ ಇಳಿಯುವ ಮೊದಲು

ಮನೆಗೆ ಒಂದು ಮೆಸೇಜು ಹಾಕಿ. ಸುಮ್ನೆ "ಹೊರಟೆ" ಅಂದರೆ ಸಾಲದು, ಯಾವ ದಾರಿಯಲ್ಲಿ ಬರುತ್ತೀರಿ ಅಂತಲೂ ಬರೆಯಿರಿ. ಕರೆಂಟು ಹೋಗಿ ಟವರ್ ಕೈಕೊಟ್ಟರೆ ಫೋನ್‌ಪೇ, ಗೂಗಲ್‌ಪೇ ಯಾವುದೂ ನಡೆಯುವುದಿಲ್ಲ. ಇನ್ನೂರು ರೂಪಾಯಿ ಚಿಲ್ಲರೆ ನೋಟು ಪ್ಲಾಸ್ಟಿಕ್ ಕವರಿನಲ್ಲಿರಲಿ. ಬ್ಯಾಗಿನಲ್ಲಿ ಮಡಚಿ ಇಡುವ ಕೊಡೆ ಇಂಥ ಗಾಳಿಗೆ ಉಲ್ಟಾ ಆಗಿ ಹೋಗುತ್ತದೆ. ಅಜ್ಜಂದಿರ ಕಾಲದ ಉದ್ದ ಕೊಡೆಯೇ ಬೇಕು, ಅದರ ಇನ್ನೊಂದು ಉಪಯೋಗ ಮುಂದೆ ಹೇಳುತ್ತೇನೆ.

ಬಸ್ಸೋ, ಸ್ಕೂಟರೋ?

ಬಸ್ಸು. ಸ್ಕೂಟರ್ ಆಫೀಸಿನಲ್ಲೇ ಇರಲಿ. ಸಿಟಿ ಬಸ್ಸಿನ ಡ್ರೈವರ್, ಕಂಡಕ್ಟರುಗಳು ಒಬ್ಬರಿಗೊಬ್ಬರು ಫೋನ್ ಮಾಡಿಕೊಂಡೇ ಓಡಿಸುತ್ತಾರೆ, ಕೊಟ್ಟಾರ ಚೌಕಿಯಲ್ಲಿ ಈಗ ನೀರು ಎಷ್ಟಿದೆ ಅಂತ ಗೂಗಲ್ ಮ್ಯಾಪಿಗಿಂತ ಮೊದಲು ಅವರಿಗೆ ಗೊತ್ತಿರುತ್ತದೆ. ಉಡುಪಿ, ಕಾಪು ಕಡೆಗೆ ಹೋಗುವವರು ಹತ್ತುವ ಮೊದಲೇ ಕೇಳಿ: "ಹೈವೇಯಲ್ಲೇ ಹೋಗ್ತದಾ, ಎಲ್ಲಿವರೆಗೆ ಹೋಗ್ತದೆ?"

ಗಾಡಿ ತರಲೇಬೇಕು ಅಂತಾದರೆ ಪಡೀಲಿನ ರೈಲ್ವೆ ಅಂಡರ್‌ಪಾಸಿನಂಥ ಜಾಗಕ್ಕೆ ಇಳಿಯಲೇಬೇಡಿ. ಅಲ್ಲಿ ನೀರಿನ ಆಳ ಮೇಲಿಂದ ನೋಡಿದರೆ ಗೊತ್ತಾಗುವುದಿಲ್ಲ. ಒಂದಡಿ ನೀರು ಹರಿಯುತ್ತಿದ್ದರೆ ಸಣ್ಣ ಕಾರು ತೇಲಬಹುದು, ಎರಡಡಿ ಇದ್ದರೆ ದೊಡ್ಡ ಗಾಡಿಯೂ ಕೊಚ್ಚಿಹೋಗುತ್ತದೆ. ನಿಂತ ನೀರಾದರೂ ಸೈಲೆನ್ಸರ್ ಮುಳುಗುವಷ್ಟಿದ್ದರೆ ತಿರುಗಿಸಿ. ನಡುನೀರಿನಲ್ಲಿ ಇಂಜಿನ್ ಬಂದ್ ಬಿತ್ತಾ? ಸೆಲ್ಫ್ ಒತ್ತಬೇಡಿ, ಕಿಕ್ಕರ್ ಹೊಡೆಯಬೇಡಿ. ಸಿಲಿಂಡರಿನೊಳಗೆ ನೀರು ಹೋಗಿದ್ದರೆ ಪಿಸ್ಟನ್ನಿಗೆ ಅದನ್ನು ಒತ್ತಲಿಕ್ಕೆ ಆಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಆಮೇಲೆ ಖರ್ಚು ಸಾವಿರದ ಲೆಕ್ಕದಲ್ಲಿ. ತಳ್ಳಿಕೊಂಡು ಎತ್ತರದ ಜಾಗಕ್ಕೆ ತಂದು ನಿಲ್ಲಿಸಿ, ಅಷ್ಟೇ. ನೀರು ದಾಟಿ ಬಂದ ಗಾಡಿಯಾದರೆ ನಿಧಾನ ಹೋಗುತ್ತಾ ಬ್ರೇಕನ್ನು ಮೆಲ್ಲಗೆ ಎರಡು ಮೂರು ಸಲ ಹಿಡಿದು ನೋಡಿ. ಒದ್ದೆಯಾದ ಬ್ರೇಕು ಮೊದಲಿಗೆ ಹಿಡಿಯುವುದಿಲ್ಲ.

ನಡೆಯಬೇಕಾಗಿ ಬಂದರೆ

ಈಗ ಆ ಕೊಡೆ. ಮಡಚಿ, ಕೋಲಿನ ಹಾಗೆ ಮುಂದೆ ಕುಟ್ಟುತ್ತಾ ಹೋಗಿ. ಕೊಡೆಯ ತುದಿಗೆ ಗಟ್ಟಿ ನೆಲ ಸಿಕ್ಕಿದ ಮೇಲೆಯೇ ಕಾಲಿಡಿ. ಬದಿಯಲ್ಲಿ ನಡೆಯುವ ಅಭ್ಯಾಸ ಆ ದಿನ ಬಿಡಿ, ಚರಂಡಿಯ ಚಪ್ಪಡಿ ಎಲ್ಲಿ ಇಲ್ಲ ಅಂತ ಯಾರಿಗೂ ಗೊತ್ತಿರುವುದಿಲ್ಲ, ಕಾಂಕ್ರೀಟು ರಸ್ತೆಯ ಅಂಚು ಬೇರೆ ಒಮ್ಮೆಗೇ ಕೆಳಗೆ ಇಳಿಯುತ್ತದೆ. ನೀರು ಒಂದೇ ಕಡೆ ಸುತ್ತು ಹೊಡೆಯುತ್ತಿದ್ದರೆ ಅಡಿಯಲ್ಲಿ ಮ್ಯಾನ್‌ಹೋಲ್ ಬಾಯಿ ತೆರೆದಿರಬಹುದು. ರಭಸ ಇದ್ದರೆ ಪಾದ ಮುಳುಗಿ ಸ್ವಲ್ಪ ಮೇಲೆ, ಅಂದರೆ ಅರ್ಧ ಅಡಿ ನೀರೇ ಸಾಕು, ದೊಡ್ಡವರನ್ನೂ ಬೀಳಿಸುತ್ತದೆ. ಕೆಂಪುಕಲ್ಲಿನ ಕಾಂಪೌಂಡ್ ಗೋಡೆ, ಗುಡ್ಡ ಕಡಿದ ಧರೆ, ಇವುಗಳಿಗೆ ಒರಗಿ ನಿಲ್ಲಬೇಡಿ.

ಎಲ್ಲದಕ್ಕಿಂತ ಹೆದರಬೇಕಾದದ್ದು ಕರೆಂಟಿಗೆ. 2024ರ ಜೂನ್‌ನಲ್ಲಿ ಮಂಗಳೂರಿನ ಪಾಂಡೇಶ್ವರದ ಹತ್ತಿರ ತುಂಡಾಗಿ ಬಿದ್ದ ತಂತಿಯಿಂದ ಇಬ್ಬರು ರಿಕ್ಷಾ ಚಾಲಕರು ಸತ್ತರು. ತಂತಿ ಕಂಡರೆ ಸುತ್ತಲಿನ ನೀರಿಗೂ ಕಾಲಿಡಬೇಡಿ, ಯಾರಾದರೂ ಬಿದ್ದಿದ್ದರೂ ಬರಿಗೈಯಲ್ಲಿ ಮುಟ್ಟಬೇಡಿ. ಮೊದಲು ಕರೆಂಟು ಕಂಪನಿ ಮೆಸ್ಕಾಂನ 1912ಕ್ಕೆ ಹೇಳಿ ಲೈನ್ ಆಫ್ ಮಾಡಿಸಿ, ಜೊತೆಗೆ 112ಕ್ಕೂ ಫೋನ್ ಮಾಡಿ. ಜಿಲ್ಲಾ ಕಂಟ್ರೋಲ್ ರೂಮಿನ ನಂಬರು 1077.

ಮನೆಗೆ ಇನ್ನು ಸ್ವಲ್ಪವೇ ದೂರ ಅಂದಾಗ

ಬಸ್ಸಿಳಿದು ಒಳದಾರಿಯಲ್ಲಿ ಹೋಗುವವರೇ, ಇದು ನಿಮಗೆ. ದಿನಾ ದಾಟುವ ತೋಡು (ಸಣ್ಣ ಹಳ್ಳ) ಅಂತ ಸಲುಗೆ ಬೇಡ. 2022ರಲ್ಲಿ ಬೈಂದೂರು ಕಡೆಯ ಕಾಲ್ತೋಡು ಎಂಬ ಊರಿನಲ್ಲಿ ಶಾಲೆಯಿಂದ ಮನೆಗೆ ಬರುತ್ತಿದ್ದ ಪುಟ್ಟ ಹುಡುಗಿ ಕಾಲುಸಂಕದಿಂದ, ಅಂದರೆ ನಡೆದು ದಾಟುವ ಸಣ್ಣ ಸೇತುವೆಯಿಂದ, ನೀರಿಗೆ ಬಿದ್ದು ತೀರಿಕೊಂಡಳು. ಸಂಕದ ಮೇಲೆ ನೀರು ಹೋಗುತ್ತಿದ್ದರೆ, ಅಥವಾ ಕತ್ತಲಲ್ಲಿ ಸಂಕವೇ ಕಾಣದಿದ್ದರೆ, ಸುತ್ತಿ ಬನ್ನಿ. ಸುತ್ತುವ ದಾರಿಯೂ ಇಲ್ಲಾಂದ್ರೆ ಈಚೆಗಿರುವ ಮನೆಯ ಜಗಲಿಯಲ್ಲಿ ಕೂತು ಫೋನ್ ಮಾಡಿ. ನಮ್ಮಲ್ಲಿ ಯಾರೂ ಬೇಡ ಅನ್ನುವುದಿಲ್ಲ ಅಲ್ವಾ?

ಮನೆ ಸೇರಿದ ಮೇಲೆ

ಕಾಲನ್ನು ಸೋಪು ಹಾಕಿ ಚೆನ್ನಾಗಿ ತೊಳೆಯಿರಿ, ಗಾಯ ಇದೆಯಾ ನೋಡಿ. ಇಲಿಜ್ವರ ಇಂಥ ನೀರಿನಿಂದಲೇ ಬರುವುದು. ಎರಡು ಮೂರು ವಾರದೊಳಗೆ ಜ್ವರ, ಮೈಕೈ ನೋವು ಬಂದರೆ ಸುಮ್ನೆ ಪ್ಯಾರಸಿಟಮಾಲ್ ನುಂಗಿ ಕೂರಬೇಡಿ, ಡಾಕ್ಟರ ಹತ್ತಿರ ಹೋಗಿ, ಕೊಳಕು ನೀರಿನಲ್ಲಿ ನಡೆದದ್ದನ್ನೂ ಹೇಳಿ. ಸ್ಕೂಟರ್ ಮುಳುಗಿದ್ದರೆ ಮರುದಿನ ಸ್ಟಾರ್ಟ್ ಮಾಡದೆ ಮೆಕ್ಯಾನಿಕನ್ನು ಕರೆಸಿ. ಆಯಿಲ್ ಹಾಲು ಬೆರೆಸಿದ ಚಾದ ಹಾಗೆ ಕಂಡರೆ ನೀರು ಸೇರಿದೆ ಅಂತ ಲೆಕ್ಕ, ಬದಲಿಸಲೇಬೇಕು.