ರಾಕ್ ಶೋ ಫೋಟೋ ತೆಗೆಯುವುದು: ಕಲಬುರಗಿ ಕಡೆಯವರಿಗೆ

ಕಲಬುರಗಿ, ಬೀದರ್, ಯಾದಗಿರಿಯಲ್ಲಿ ರಾಕ್ ಬ್ಯಾಂಡ್ ವಾರವಾರ ಸಿಗುವುದಿಲ್ಲ. ಕೈ ಪಳಗಬೇಕೆಂದರೆ ಕಾಲೇಜು ಗ್ಯಾದರಿಂಗ್, ಆರ್ಕೆಸ್ಟ್ರಾ, ಬೀದರ್ ಉತ್ಸವ, ಯಾವುದನ್ನೂ ಬಿಡಬೇಡಿ. ಎಲ್ಲ ಕಡೆ ತಲೆನೋವು ಒಂದೇ: ಕತ್ತಲು, ನಿಲ್ಲದೆ ಕುಣಿಯುವ ಗಾಯಕ, ಕ್ಷಣಕ್ಕೊಂದು ಬಣ್ಣದ ಎಲ್‌ಇಡಿ.

ಕ್ಯಾಮೆರಾ ಸೆಕೆಂಡ್ ಹ್ಯಾಂಡ್ ಆದರೂ ನಡೆಯುತ್ತದೆ, ದುಡ್ಡು ಲೆನ್ಸ್‌ಗೆ ಹಾಕಿ. ಕ್ಯಾಮೆರಾ ಜೊತೆಗೆ ಬರುವ 18-55 ಎಂಎಂ ಲೆನ್ಸ್ ಜೂಮ್ ಮಾಡಿದರೆ ಎಫ್ 5.6ಕ್ಕೆ ಇಳಿಯುತ್ತದೆ (ಎಫ್ ಸಂಖ್ಯೆ ದೊಡ್ಡದಾದಷ್ಟೂ ಒಳಗೆ ಬರುವ ಬೆಳಕು ಕಡಿಮೆ). ಎಫ್ 2.8ರಲ್ಲಿ ಐಎಸ್ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) 3200 ಸಾಕಾಗುವ ಕಡೆ ಅದಕ್ಕೆ 12800 ಬೇಕು. ಫೋಟೋ ತುಂಬ ಕಾಳುಕಾಳು. ಮೊದಲು 50 ಎಂಎಂ ಎಫ್ 1.8 ಕೊಳ್ಳಿ. 24-70 ಮತ್ತು 70-200 ಎಂಎಂ ಎಫ್ 2.8 ಲೆನ್ಸ್‌ಗಳು ಮದುವೆ ಫೋಟೋಗ್ರಾಫರ್‌ಗಳ ಹತ್ತಿರ ಇರುತ್ತವೆ, ಬಾಡಿಗೆಗೆ ಕೇಳಿ.

ಮ್ಯಾನುಯಲ್ ಮೋಡ್, ರಾ ಫೈಲ್ (ಕ್ಯಾಮೆರಾ ತಿದ್ದದ ಕಚ್ಚಾ ಫೈಲ್), ಎಫ್ 2.8, ಶಟರ್ 1/250 ಸೆಕೆಂಡ್, ಐಎಸ್ಒ 3200ರಿಂದ ಶುರು ಮಾಡಿ. ಡ್ರಮ್ಮರ್‌ಗೆ 1/500 ಬೇಕು, ಇಲ್ಲದಿದ್ದರೆ ಕೋಲು ಮಸುಕಾಗುತ್ತದೆ. ಹಿಂದೆ ಎಲ್‌ಇಡಿ ಪರದೆ ಇದ್ದರೆ ಆಟೊ ಮೋಡ್ ಮೋಸ ಹೋಗಿ ಮುಖ ಕಪ್ಪಾಗಿಸುತ್ತದೆ. ಸ್ಪಾಟ್ ಮೀಟರಿಂಗ್‌ನಲ್ಲಿ (ಚಿಕ್ಕ ಜಾಗದ ಬೆಳಕನ್ನಷ್ಟೇ ಅಳೆಯುವ ಸೆಟ್ಟಿಂಗ್) ಮುಖವನ್ನೇ ಅಳೆಯಿರಿ.

ಹೆಚ್ಚು ಫೋಟೋ ಕೆಡುವುದು ಕೆಂಪು, ನೀಲಿ ಬೆಳಕಿನಲ್ಲಿ. ಫೋಟೋದ ಕೆಂಪು, ಹಸಿರು, ನೀಲಿ ಚಾನೆಲ್‌ಗಳಲ್ಲಿ ಒಂದೇ ತುಂಬಿ ಚೆಲ್ಲಿ, ಮುಖದ ಮೂಗು-ಕೆನ್ನೆ ಗೆರೆಗಳೇ ಅಳಿಸಿ ಹೋಗುತ್ತವೆ. ಎಡಿಟಿಂಗ್‌ನಲ್ಲಿ ಅದು ವಾಪಸ್ ಬರುವುದಿಲ್ಲ. ಆರ್‌ಜಿಬಿ ಹಿಸ್ಟೋಗ್ರಾಮ್ (ಮೂರೂ ಬಣ್ಣದ ಬೆಳಕು ಎಷ್ಟಿದೆ ಎಂದು ತೋರಿಸುವ ಗ್ರಾಫ್) ನೋಡಿ, ಎಕ್ಸ್‌ಪೋಷರ್ ಮುಕ್ಕಾಲು ಸ್ಟಾಪ್‌ನಷ್ಟು ತಗ್ಗಿಸಿ (ಒಂದು ಸ್ಟಾಪ್ ತಗ್ಗಿಸಿದರೆ ಬೆಳಕು ಅರ್ಧ), ಬಿಳಿ ಬೆಳಕು ಬೀಳುವ ಗಳಿಗೆ ಕಾಯಿರಿ. ಅದಕ್ಕಿಂತ ಒಳ್ಳೆಯ ದಾರಿ, ಸೌಂಡ್‌ಚೆಕ್ ಹೊತ್ತಿಗೇ ಹೋಗಿ ಲೈಟ್‌ನವರ ಜೊತೆ ಮಾತಾಡಿಕೊಳ್ಳುವುದು. ಲೈಟ್ ಮಿನುಗಿ ಫೋಟೋದಲ್ಲಿ ಅಡ್ಡಪಟ್ಟಿ ಬಂದರೆ ಸೈಲೆಂಟ್ ಶಟರ್ (ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್) ಆಫ್ ಮಾಡಿ. ಆಗಲೂ ಹೋಗದಿದ್ದರೆ ಶಟರ್ 1/100ಕ್ಕೆ ಇಳಿಸಿ ನೋಡಿ.

ಮೈಕ್ ಬಾಯಿ ಮುಚ್ಚುತ್ತದೆ. ಎದುರಿಗೆ ನಿಲ್ಲದೆ ಮೈಕ್ ಹಿಡಿಯದ ಕೈ ಕಡೆ ಸರಿಯಿರಿ, ಸಾಲು ಮುಗಿಸಿ ಮೈಕ್ ದೂರ ಸರಿಸಿದಾಗ ಒತ್ತಿ. ದೊಡ್ಡ ಶೋಗಳಲ್ಲಿ ಮೊದಲ ಮೂರು ಹಾಡಿಗಷ್ಟೇ ಅವಕಾಶ, ಫ್ಲ್ಯಾಶ್ ಇಲ್ಲ. ಹಾಗಾಗಿ ಮೊದಲ ಹಾಡಿಗೆ ಇಡೀ ಸ್ಟೇಜು, ಎರಡನೆಯದಕ್ಕೆ ಗಾಯಕ, ಮೂರನೆಯದಕ್ಕೆ ಡ್ರಮ್ಮರ್ ಎಂದು ಮೊದಲೇ ಗೊತ್ತು ಮಾಡಿಕೊಳ್ಳಿ. ಕಿವಿಗೆ ಇಯರ್‌ಪ್ಲಗ್ ಹಾಕಿ, ಅರಳೆ ಸಾಲದು. ಬಯಲಿನ ಪೆಂಡಾಲಿನಲ್ಲಿ ಎರೆ ಮಣ್ಣಿನ ಧೂಳು ಎದ್ದಾಗ ಲೆನ್ಸ್ ಬದಲಿಸಬೇಡಿ.

ಇದೊಂದರಿಂದಲೇ ಹೊಟ್ಟೆ ತುಂಬುವುದು ಕಷ್ಟ, ಮದುವೆ ಸೀಸನ್ ಕೈಬಿಡಬೇಡಿ. ಬೀದರ್‌ನವರಿಗೆ ಹೈದರಾಬಾದ್ ಹತ್ತಿರ, ಕಲಬುರಗಿಯವರಿಗೆ ಪುಣೆಗೆ ನೇರ ರೈಲಿದೆ. ಅಲ್ಲಿನ ಸಣ್ಣ ಬ್ಯಾಂಡ್‌ಗಳಿಗೆ ಹತ್ತು ಒಳ್ಳೆಯ ಫೋಟೋ ಅದೇ ರಾತ್ರಿ ಕಳಿಸಿದರೆ ಮುಂದಿನ ಕರೆ ಬರುವ ಸಾಧ್ಯತೆ ಹೆಚ್ಚು. ದುಡ್ಡು ಕೊಟ್ಟು ತೆಗೆಸಿದ ಫೋಟೋದ ಹಕ್ಕು, ಬೇರೆ ಕರಾರು ಇಲ್ಲದಿದ್ದರೆ, 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ತೆಗೆಸಿದವರದೇ. ಹಕ್ಕು ನಿಮ್ಮಲ್ಲಿ ಉಳಿಯಬೇಕಾದರೆ ಅಡ್ವಾನ್ಸ್ ತಗೊಳ್ಳುವ ಮೊದಲೇ ಬರೆಸಿಕೊಳ್ಳಿ. ಪೋಸ್ಟರ್‌ಗೆ ಬಳಸಿದರೆ ಬೇರೆ ದರ ಎಂಬುದನ್ನೂ ಅದರಲ್ಲೇ ಸೇರಿಸಿ.