ಗುಂಡು ಉರುಳಿಸಿ ಜಿ ಬೆಲೆ ತೆಗೆದದ್ದು: ನನ್ನ ಅನುಭವ

ಇಳಿಜಾರಿನಲ್ಲಿ ಉಕ್ಕಿನ ಗುಂಡನ್ನು ಉರುಳಿಸಿ ಗುರುತ್ವ ವೇಗೋತ್ಕರ್ಷದ, ಅಂದರೆ ಬೀಳುವ ವಸ್ತುವಿನ ವೇಗ ಸೆಕೆಂಡಿಗೆ ಎಷ್ಟು ಹೆಚ್ಚುತ್ತದೆ ಎಂದು ಹೇಳುವ ‘ಜಿ’ಯ ಬೆಲೆಯನ್ನು ಶೇಕಡಾ ಒಂದೆರಡರಷ್ಟೇ ತಪ್ಪಿನೊಳಗೆ ತರಬಹುದು ಎಂದು ನಾನು ಹೇಳಿದಾಗ ಜೊತೆಗೆ ಪಾಠ ಮಾಡುವವರಲ್ಲಿ ಯಾರೂ ನಂಬಲಿಲ್ಲ. “ಅರ್ಧವನ್ನು ಘರ್ಷಣೆಯೇ ತಿಂದುಹಾಕುತ್ತದೆ, ಸುಮ್ಮನೆ ಲೋಲಕ ಕಟ್ಟಿ” ಎಂದು ಹಿರಿಯರೊಬ್ಬರು ಬುದ್ಧಿ ಹೇಳಿದರು. ಲೋಲಕದಿಂದ ಒಳ್ಳೆಯ ಬೆಲೆ ಬರುತ್ತದೆ ಎಂಬುದು ನನಗೂ ಗೊತ್ತಿತ್ತು. ಆದರೆ ನಿಂತ ವಸ್ತುವೊಂದು ಒಂದೇ ಸಮನೆ ವೇಗ ಕೂಡಿಸಿಕೊಳ್ಳುತ್ತಾ ಹೋಗುವುದನ್ನು ಕಣ್ಣೆದುರಿಗೇ ತೋರಿಸಿ, ಅದರಿಂದಲೇ ಲೆಕ್ಕ ತೆಗೆಯಬೇಕೆಂಬುದು ನನ್ನ ಹಟವಾಗಿತ್ತು. ಒಂದೂವರೆ ವರ್ಷ ಪರದಾಡಿದ ಮೇಲೆ ಈಗ ನನ್ನ ಇಳಿಜಾರು 9.7ರಿಂದ 9.9ರೊಳಗಿನ ಬೆಲೆಯನ್ನೇ ಕೊಡುತ್ತಿದೆ; ಬರಬೇಕಾದದ್ದು ಸುಮಾರು 9.8.

ಸಲಕರಣೆ ಸರಳವಾದದ್ದು. ಎರಡು ಮೀಟರ್ ಉದ್ದದ ಅಲ್ಯುಮಿನಿಯಂ ಆ್ಯಂಗಲ್ (ಎಲ್ ಆಕಾರದ ಪಟ್ಟಿ) ಒಂದನ್ನು ಮೂಲೆ ಕೆಳಗೆ ಬರುವಂತೆ ಕೂರಿಸಿದರೆ ತೊಂಬತ್ತು ಡಿಗ್ರಿಯ ತೋಡು ಸಿದ್ಧ. ಅದರ ಒಂದು ತುದಿಯನ್ನು ಹತ್ತು ಸೆಂಟಿಮೀಟರ್ ಎತ್ತರಿಸಿ, ದೊಡ್ಡ ಬೇರಿಂಗಿನಿಂದ ತೆಗೆದ 25 ಮಿಲಿಮೀಟರಿನ ಗುಂಡನ್ನು 1.8 ಮೀಟರ್ ದೂರ ಉರುಳಿಸಿದೆ. ಎರಡೂ ತುದಿಗೆ ಆಧಾರ ಕೊಟ್ಟು ನಡುವೆ ಖಾಲಿ ಬಿಟ್ಟದ್ದು ಮೊದಲ ತಪ್ಪು. ತೋಡು ತನ್ನ ಭಾರಕ್ಕೇ ಒಂದೂವರೆ ಮಿಲಿಮೀಟರಿನಷ್ಟು ಬಾಗಿತ್ತು. ದಾರವನ್ನು ಬಿಗಿಯಾಗಿ ಎಳೆದು ಹಿಡಿದು ನೋಡುವವರೆಗೂ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಉದ್ದಕ್ಕೂ ಮರದ ಹಲಗೆ ಕೊಟ್ಟ ಮೇಲೆ ಆ ಕಾಟ ತಪ್ಪಿತು.

ಹಣ ಹಾಳಾದದ್ದು ಕಾಲ ಅಳೆಯುವುದರಲ್ಲಿ. ಸ್ಟಾಪ್‌ವಾಚ್ ಹಿಡಿದರೆ ಬೆರಳಿನ ತಡವೇ ಸೆಕೆಂಡಿನ ಹತ್ತನೆಯ ಎರಡು ಭಾಗದಷ್ಟಾಗುತ್ತಿತ್ತು. ಅದಕ್ಕೆಂದು, ಗುಂಡು ಬೆಳಕಿನ ಕಿರಣವನ್ನು ಕಡಿದ ಕ್ಷಣವನ್ನು ಗುರುತಿಸುವ ಬೆಳಕಿನ ಗೇಟುಗಳ ಜೋಡಿಯೊಂದನ್ನು ತರಿಸಿದೆ; ಹೆಚ್ಚುಕಡಿಮೆ ಅರ್ಧ ತಿಂಗಳ ಸಂಬಳ ಅದಕ್ಕೇ ಹೋಯಿತು. ಗುಂಡು ದಾಟುವ ಮೊದಲೇ ಅವು ಕೊಠಡಿಯ ಟ್ಯೂಬ್‌ಲೈಟಿನ ಮಿನುಗಿಗೆ ಎಣಿಸಲು ಶುರುಮಾಡುತ್ತಿದ್ದವು. ಕತ್ತಲೆ ಕೋಣೆಯಲ್ಲಿ ಚೆನ್ನಾಗಿಯೇ ನಡೆದವಾದರೂ ಕತ್ತಲೆಯಲ್ಲಿ ಯಾರಿಗೆ ಏನನ್ನು ತೋರಿಸುವುದು? ಕೊನೆಗೆ ಅರ್ಧ ಬೆಲೆಗೆ ಮಾರಿದೆ. ಕೈಹಿಡಿದದ್ದು ಮೊಬೈಲು. ಜರ್ಮನಿಯ ಆಖೆನ್ ನಗರದ ತಾಂತ್ರಿಕ ವಿಶ್ವವಿದ್ಯಾಲಯದವರು ಮಾಡಿರುವ ಫೈಫಾಕ್ಸ್ ಎಂಬ ಉಚಿತ ಆ್ಯಪಿನಲ್ಲಿ ಶಬ್ದಕ್ಕೆ ಓಡುವ, ಶಬ್ದಕ್ಕೆ ನಿಲ್ಲುವ ಗಡಿಯಾರವಿದೆ. ಗುಂಡು ಬಿಡುವಾಗ ಒಂದು ಟಕ್, ತಳದ ತಗಡಿಗೆ ಬಡಿದಾಗ ಇನ್ನೊಂದು ಟಕ್. ಮೊಬೈಲನ್ನು ತೋಡಿನ ಸರಿಯಾಗಿ ನಡುವೆ ಇಟ್ಟರೆ ಎರಡು ಶಬ್ದಗಳಿಗೂ ಅಷ್ಟೇ ದೂರವಾಗುವುದರಿಂದ ಶಬ್ದದ ಪ್ರಯಾಣಕಾಲವೂ ವಜಾ ಆಗುತ್ತದೆ. ಗುಂಡು ಬಿಡಲು ಮೊದಲು ವಿದ್ಯುತ್ಕಾಂತ ಬಳಸಿದ್ದೆ. ಪ್ರವಾಹ ನಿಲ್ಲಿಸಿದ ಮೇಲೂ ಉಳಿದ ಕಾಂತತ್ವವು ಗುಂಡನ್ನು ಕ್ಷಣಕಾಲ ಹಿಡಿದಿಟ್ಟುಕೊಳ್ಳುತ್ತಿತ್ತು, ಆ ತಡವೂ ಒಂದೊಂದು ಸಲ ಒಂದೊಂದು ಬಗೆಯಾಗಿತ್ತು. ಈಗ ಟಕ್ ಎನ್ನುವುದೂ ಗುಂಡು ಹೊರಡುವುದೂ ಒಂದೇ ಗಳಿಗೆಯಲ್ಲಿ ಆಗುವಂತೆ ಒಂದು ಬೇರೆ ಏರ್ಪಾಡು ಮಾಡಿಕೊಂಡಿದ್ದೇನೆ. ಅದನ್ನು ಕಂಡುಕೊಳ್ಳಲು ನನಗೆ ಮೂರು ತಿಂಗಳು ಹಿಡಿದಿದೆ. ಸದ್ಯಕ್ಕೆ ಅದು ನನ್ನಲ್ಲೇ ಇರಲಿ.

ಕಾಲದ ಅಳತೆಯೇನೋ ಸ್ಥಿರವಾಯಿತು: ಹತ್ತು ಓಟಗಳಲ್ಲಿ ಒಂಬತ್ತು 3.6 ಸೆಕೆಂಡಿನ ಆಸುಪಾಸಿನಲ್ಲೇ ಇದ್ದವು. ಆದರೆ ಜಿ ಬೆಲೆ 5.4 ಬಂತು! ಹಿರಿಯರ ಘರ್ಷಣೆಯ ಮಾತು ನಿಜವೇ ಆಯಿತೇನೋ ಎಂದು ತೋಡಿಗೆ ಹೊಲಿಗೆ ಯಂತ್ರದ ಎಣ್ಣೆ ಸವರಿದೆ. ಕಾಲ ಕಡಿಮೆಯಾಗುವುದಿರಲಿ, ಧೂಳು ಹತ್ತಿಕೊಂಡು ತುಸು ಹೆಚ್ಚೇ ಆಯಿತು. ಜಾರದೆ ಉರುಳುವ ಗುಂಡಿಗೆ ತಾಗುವ ಜಾಗದಲ್ಲಿನ ಘರ್ಷಣೆಯು ಶಕ್ತಿಯನ್ನು ತಿನ್ನುವುದೇ ಇಲ್ಲ, ತಿರುಗಿಸುತ್ತದೆ ಅಷ್ಟೇ ಎಂಬುದನ್ನು ನೂರು ಸಲ ಪಾಠ ಮಾಡಿದ್ದ ನಾನೇ ಎಣ್ಣೆ ಡಬ್ಬಿ ಹಿಡಿದು ನಿಂತಿದ್ದೆ ಎನ್ನುವುದಕ್ಕೆ ಈಗಲೂ ನಾಚಿಕೆಯಾಗುತ್ತದೆ. ತಿರುಗುವಿಕೆಯ ಪಾಲನ್ನು ಸೇರಿಸಿ, ಘನ ಗೋಲಕ್ಕೆ ಹೇಳುವ ಏಳರಲ್ಲಿ ಐದು ಎಂಬ ಗುಣಕದಿಂದ (ಘರ್ಷಣೆಯಿಲ್ಲದೆ ಜಾರುವ ವಸ್ತುವಿನ ವೇಗೋತ್ಕರ್ಷದಲ್ಲಿ ಉರುಳುವ ಗುಂಡಿಗೆ ಸಿಗುವ ಪಾಲು ಅದು) ಭಾಗಿಸಿದಾಗ ಬೆಲೆ 7.6ಕ್ಕೆ ಏರಿತು. ಅಲ್ಲೇ ಆರು ತಿಂಗಳು ಸಿಕ್ಕಿಬಿದ್ದೆ.

ತಪ್ಪು ಎಲ್ಲಿದೆ ಎಂದು ತಿಳಿದದ್ದು ಗುಂಡಿನ ಮೇಲೆ ಮಾರ್ಕರಿನಿಂದ ಚುಕ್ಕೆಯಿಟ್ಟು ಮೊಬೈಲಿನಲ್ಲಿ ನಿಧಾನಗತಿಯ ವಿಡಿಯೊ ತೆಗೆದಾಗ. ಸುತ್ತಳತೆ ಸುಮಾರು 79 ಮಿಲಿಮೀಟರ್ ಇರುವ ಗುಂಡು ಒಂದು ಸುತ್ತಿಗೆ ಅಷ್ಟು ದೂರ ಹೋಗಬೇಕಿತ್ತು. ಹೋದದ್ದು 56 ಮಾತ್ರ. ತೋಡಿನಲ್ಲಿ ಗುಂಡು ತನ್ನ ತಳದ ಮೇಲೆ ಉರುಳುವುದಿಲ್ಲ, ಎರಡು ಪಕ್ಕೆಗಳನ್ನು ತಾಗಿಕೊಂಡು ಉರುಳುತ್ತದೆ. ಅದರ ಲೆಕ್ಕದ ತ್ರಿಜ್ಯ ನಿಜವಾದ ತ್ರಿಜ್ಯವನ್ನು ಎರಡರ ವರ್ಗಮೂಲದಿಂದ ಭಾಗಿಸಿದಷ್ಟೇ. ಆದ್ದರಿಂದ ಅದೇ ವೇಗಕ್ಕೆ ಹೆಚ್ಚು ತಿರುಗಬೇಕು. ಕಳೆದುಕೊಂಡ ಪ್ರಚ್ಛನ್ನ ಶಕ್ತಿಯಲ್ಲಿ ಸಪಾಟು ನೆಲದ ಮೇಲೆ ಶೇಕಡಾ 29ರಷ್ಟು ತಿರುಗುವಿಕೆಗೆ ಹೋದರೆ ಈ ತೋಡಿನಲ್ಲಿ 44ರಷ್ಟು ಹೋಗುತ್ತದೆ. ಗುಣಕ ಏಳರಲ್ಲಿ ಐದಲ್ಲ, ಒಂಬತ್ತರಲ್ಲಿ ಐದು. ಹಾಕಿ ನೋಡಿದೆ, 9.8 ಬಂತು.

ಹಿರಿಯರು ಇದನ್ನೂ ಒಪ್ಪಲಿಲ್ಲ, ಬೇಕಾದ ಉತ್ತರಕ್ಕೆ ಗುಣಕ ಹುಡುಕಿದ್ದೀರಿ ಎಂದರು. ಆಕ್ಷೇಪ ನ್ಯಾಯವಾದದ್ದೇ. ಅದೇ ಗುಂಡನ್ನು ಅದೇ ಇಳಿಜಾರಿನಲ್ಲಿ ಗಾಜಿನ ಪಟ್ಟಿಯ ಮೇಲೆ ಉರುಳಿಸಿದೆ. ಪಕ್ಕಕ್ಕೆ ಸರಿದು ಬೀಳುವ ಓಟಗಳೇ ಹೆಚ್ಚಾದರೂ ನೆಟ್ಟಗೆ ಇಳಿದವು 3.2 ಸೆಕೆಂಡಿನಲ್ಲಿ ತಳ ಮುಟ್ಟಿದವು, ಲೆಕ್ಕ ಹೇಳುವುದೂ ಅದನ್ನೇ. ಎರಡು ಅಂಚುಗಳ ನಡುವೆ 20 ಮಿಲಿಮೀಟರ್ ಬಿಟ್ಟು ಹಳಿಯಂತೆ ಮಾಡಿದಾಗ ಗುಂಡು ಇನ್ನೂ ನಿಧಾನವಾಗಿ, ನಾಲ್ಕು ಸೆಕೆಂಡಿನ ಹತ್ತಿರ ತೆಗೆದುಕೊಂಡಿತು. ಅಂದಿನಿಂದ ಅವರು ಲೋಲಕದ ಮಾತೆತ್ತಿಲ್ಲ. ಗೆಲಿಲಿಯೊ ಕೂಡ ತೋಡಿನಲ್ಲೇ ಕಂಚಿನ ಗುಂಡು ಉರುಳಿಸಿ, ಸುರಿದ ನೀರನ್ನು ತೂಗಿ ಕಾಲ ಅಳೆದದ್ದನ್ನು 1638ರಲ್ಲಿ ಪ್ರಕಟಿಸಿದ. ದೂರವು ಕಾಲದ ವರ್ಗದಂತೆ ಬೆಳೆಯುತ್ತದೆ ಎಂಬ ಅನುಪಾತವಷ್ಟೇ ಅವನಿಗೆ ಬೇಕಿದ್ದುದರಿಂದ ಈ ಗುಣಕ ಅವನನ್ನು ಕಾಡಲಿಲ್ಲ.

ಒಂದೇ ಎತ್ತರದ ಅಳತೆಯನ್ನು ನಂಬಬೇಡಿ. ನೆಲ ಎರಡು ಮಿಲಿಮೀಟರ್ ವಾಲಿದ್ದರೆ ಹತ್ತು ಸೆಂಟಿಮೀಟರಿನಲ್ಲಿ ಶೇಕಡಾ ಎರಡು ಅಲ್ಲೇ ಹೋಯಿತು. ನಾನು ನಾಲ್ಕರಿಂದ ಹದಿನಾಲ್ಕು ಸೆಂಟಿಮೀಟರಿನವರೆಗೆ ಐದಾರು ಎತ್ತರಗಳಲ್ಲಿ ವೇಗೋತ್ಕರ್ಷ ಕಂಡುಹಿಡಿದು, ಎತ್ತರಕ್ಕೆ ಎದುರಾಗಿ ಅದರ ನಕ್ಷೆ ಬರೆದು, ನೆಲದ ವಾಲಿಕೆಯಿಂದ ಬದಲಾಗದ ಆ ಗೆರೆಯ ಓರೆಯಿಂದಲೇ ಜಿ ತೆಗೆಯುತ್ತೇನೆ.

ಈ ನಡುವೆ ಟೇಬಲ್ ಟೆನಿಸ್ ಚೆಂಡನ್ನೂ ತೋಡಿಗೆ ಬಿಟ್ಟೆ. ಟೊಳ್ಳಾದ್ದರಿಂದ ಏಳರಲ್ಲಿ ಮೂರು ಎಂಬ ಗುಣಕಕ್ಕೆ 4.1 ಸೆಕೆಂಡ್ ಆಗಬೇಕು. ಗಾಳಿಯ ತಡೆಯೂ ಸೇರಿ 4.3ರ ಹತ್ತಿರ ಬಂತು. ಆಮೇಲೆ ಅದಕ್ಕೆ ಸಿರಿಂಜಿನಿಂದ ನೀರು ತುಂಬಿ ತೂತಿಗೆ ಅಂಟು ಹಾಕಿದೆ. ಚಿಪ್ಪು ತಿರುಗಿದರೂ ಒಳಗಿನ ನೀರಿನ ಬಹುಪಾಲು ಅದರೊಡನೆ ತಿರುಗುವುದಿಲ್ಲವಾದ್ದರಿಂದ ಆ ಚೆಂಡು 3.1 ಸೆಕೆಂಡಿನಲ್ಲೇ ತಳ ಸೇರಿ, ಉಕ್ಕಿನ ಗುಂಡನ್ನು ಅರ್ಧ ಸೆಕೆಂಡಿನಿಂದ ಸೋಲಿಸಿತು. ಜೇನುತುಪ್ಪ ತುಂಬಿದ ಚೆಂಡೊಂದು ಮೇಜಿನ ಮೇಲೆ ಕಾಯುತ್ತಿದೆ, ಅಂಟು ಒಣಗಬೇಕು.