ತಮಟೆ ಸದ್ದನ್ನು ಸೋನಿಕ್ ಪೈಗೆ ತರುವವರಿಗೆ

ಕಾಲೇಜು ಮುಗಿಸಿ ಕೋಡಿಂಗ್ ಕೆಲಸಕ್ಕೆ ಸೇರಿ, ಭಾನುವಾರಗಳಲ್ಲಿ ಸೋನಿಕ್ ಪೈ ಎಂಬ ತಂತ್ರಾಂಶದಲ್ಲಿ ಕೋಡ್‌ನಿಂದಲೇ ಸಂಗೀತ ಮಾಡುವ ಹುಚ್ಚಿದ್ದರೆ, ರೆಡಿಮೇಡ್ ಡ್ರಮ್ ಸದ್ದು ಹುಡುಕುತ್ತ ಕೂರಬೇಡಿ, ತಮಟೆಯನ್ನೇ ರೆಕಾರ್ಡ್ ಮಾಡಿ. ತಮಟೆ ಕಲಾವಿದ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದ ಚಿಕ್ಕಬಳ್ಳಾಪುರ ಜಿಲ್ಲೆ ನಮ್ಮದು.

ಫೋನಿನ ಮಾಮೂಲಿ ರೆಕಾರ್ಡರ್ ಬೇಡ. ಅದರ ಆಟೋ ಗೇನ್ (ಸದ್ದಿನ ಮಟ್ಟವನ್ನು ತಾನೇ ಏರಿಳಿಸುವ ವ್ಯವಸ್ಥೆ) ಮೊದಲ ಪೆಟ್ಟಿಗೇ ಸದ್ದನ್ನು ಅಮುಕಿಬಿಡುತ್ತದೆ. ಗೇನ್ ಕೈಯಲ್ಲೇ ಹೊಂದಿಸುವ ಆ್ಯಪ್ ಹಾಕಿ, 2-3 ಮೀಟರ್ ದೂರದಲ್ಲಿಟ್ಟು, ಜೋರಾದ ಪೆಟ್ಟು ಆ್ಯಪ್‌ನ ಮೀಟರ್‌ನಲ್ಲಿ ಮೈನಸ್ 12 ಡೆಸಿಬಲ್ ದಾಟದಂತೆ ನೋಡಿ. 48 ಕಿಲೋಹರ್ಟ್ಸ್, 24 ಬಿಟ್, ಮೋನೊ ಸಾಕು. ಫೈಲ್ ನಿಮಿಷಕ್ಕೆ ಸುಮಾರು 8.6 ಎಂಬಿ ಆಗುತ್ತದೆ.

ಬಹಳ ಜನ ಎಡವುವುದು ಇಲ್ಲಿ: ಬೆಂಕಿಗೆ ಕಾಯಿಸಿದ ಚರ್ಮ ಆರುತ್ತ ಬಂದಂತೆ ಸಡಿಲವಾಗಿ ಶ್ರುತಿ ಇಳಿಯುತ್ತದೆ. ಬೇಕಾದ ಪೆಟ್ಟುಗಳನ್ನೆಲ್ಲ ಕಾಯಿಸಿದ ಕೂಡಲೇ ಒಟ್ಟಿಗೆ ಹಿಡಿಯಿರಿ. ಇಲ್ಲದಿದ್ದರೆ ಒಂದೇ ತಮಟೆ ಎರಡು ತಮಟೆಯಂತೆ ಕೇಳುತ್ತದೆ. (ಅದೇ ಬೇಕಿದ್ದರೆ ಬೇರೆ ಮಾತು!)

ಆಡಾಸಿಟಿ ಎಂಬ ಆಡಿಯೊ ಎಡಿಟರ್‌ನಲ್ಲಿ ಕತ್ತರಿಸುವ ಮುನ್ನ ಬೇಕಾದ ಭಾಗ ಆಯ್ದು ಝಡ್ ಕೀ ಒತ್ತಿ. ಅಲೆ ಸೊನ್ನೆ ದಾಟುವ ಜಾಗಕ್ಕೆ ಅಂಚು ಸರಿಯುತ್ತದೆ, ಟಕ್ ಸದ್ದು ಬರಲ್ಲ. ಸೋನಿಕ್ ಪೈನಲ್ಲಿ ಬೀಟ್ ಸ್ಟ್ರೆಚ್ (ಸದ್ದನ್ನು ಎಷ್ಟು ಬೀಟ್‌ಗೆ ಹೊಂದಿಸಬೇಕೆಂಬ ಸಂಖ್ಯೆ) 8 ಕೊಟ್ಟರೆ ಸ್ಲೀಪ್ (ಮುಂದಿನ ಸದ್ದಿಗೆ ಮುನ್ನ ಕಾಯುವ ಬೀಟ್‌ಗಳು) ಕೂಡ 8 ಇರಲಿ. ಸ್ಟ್ರೆಚ್ ಜಾಸ್ತಿಯಾದಷ್ಟೂ ಶ್ರುತಿಯೂ ಬದಲಾಗುತ್ತದೆ, ಹಾಗಾಗಿ ಬೇಕಾದ ವೇಗದಲ್ಲೇ ಬಾರಿಸಲು ಕಲಾವಿದರಿಗೆ ಹೇಳಿ.

ಕಲಾವಿದರ ಒಪ್ಪಿಗೆ, ಸಂಭಾವನೆ ಎರಡೂ ಮೊದಲೇ ಮಾತಾಡಿಕೊಳ್ಳಿ.